ಗ್ಯಾಸ್ ಗ್ರಿಲ್‌ನಲ್ಲಿ ಇಡೀ ಕೋಳಿ: ಎಲ್ಲ ಬರ್ನರ್ ಹಚ್ಚಬೇಕಾ?

ಪ್ರಶ್ನೆ: ಹಿತ್ತಿಲಿನ ಮೂರು ಬರ್ನರ್ ಗ್ರಿಲ್‌ಗೆ ತಿರುಗುವ ಕಂಬಿ, ಮೋಟಾರು ಜೋಡಿಸಿದ್ದೇನೆ. ಕೋಳಿ ಒಂದೂವರೆ ಕಿಲೋ. ಚರ್ಮ ಗರಿಗರಿ ಆಗಬೇಕು, ಎದೆ ಭಾಗ ಒಣಗಬಾರದು. ಉರಿ ಎಷ್ಟಿರಬೇಕು? ಇನ್ನೊಂದು, ಮೋಟಾರು ಅರ್ಧ ಸುತ್ತು ಸರಾಗ ತಿರುಗಿ ಆಮೇಲೆ ತಿಣುಕುತ್ತದೆ.

ಉತ್ತರ 1: ನಡುವಿನ ಬರ್ನರ್ ಆರಿಸಿಬಿಡಿ. ಕೋಳಿಯ ಕೆಳಗೆ ಸ್ವಲ್ಪ ನೀರು ಹಾಕಿದ ತಟ್ಟೆ ಇಡಿ. ಇಲ್ಲದಿದ್ದರೆ ತೊಟ್ಟಿಕ್ಕುವ ಕೊಬ್ಬಿಗೆ ಬೆಂಕಿ ಹತ್ತಿ ಚರ್ಮ ಕಪ್ಪಾಗುತ್ತದೆ. ಎರಡು ಬದಿಯ ಬರ್ನರ್ ಮಾತ್ರ ಹಚ್ಚಿ, ಮುಚ್ಚಳ ಹಾಕಿ, ಒಳಗೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರಲಿ. ಸುಮಾರು ಒಂದೂಕಾಲು ಗಂಟೆ ಬೇಕು. ಆದರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ! ಎದೆಯ ದಪ್ಪ ಭಾಗದಲ್ಲಿ 74 ಡಿಗ್ರಿ ಆಗಲೇಬೇಕು. ತೊಡೆ 80 ದಾಟಿದರೆ ಇನ್ನೂ ಮೆತ್ತಗಾಗುತ್ತದೆ. ಥರ್ಮಾಮೀಟರ್‌ನ ಮುಳ್ಳು ಮೂಳೆಗೆ ತಾಗಬಾರದು.

ಮೋಟಾರು ತಿಣುಕುವುದು ತೂಕ ಒಂದೇ ಕಡೆ ವಾಲಿರುವುದರಿಂದ. ರೆಕ್ಕೆ, ಕಾಲು ದಾರದಿಂದ ಬಿಗಿಯಾಗಿ ಕಟ್ಟಿ. ಕಂಬಿಯನ್ನು ಎರಡೂ ಅಂಗೈ ಮೇಲೆ ಇಟ್ಟು ನೋಡಿ. ಭಾರದ ಕಡೆ ತಾನೇ ಕೆಳಕ್ಕೆ ಹೊರಳುತ್ತದೆ ಅಲ್ವಾ? ಹೊರಳದಂತೆ ಚುಚ್ಚಿ ಕೂರಿಸಿ.

ಉತ್ತರ 2: ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಚರ್ಮ ಒಣಗಿದಷ್ಟೂ ಗರಿಗರಿ. ನನಗಂತೂ ಮಸಾಲೆಗಿಂತ ಇದೇ ಮುಖ್ಯ.

ಪ್ರಶ್ನೆ ಕೇಳಿದವರು: ಜೇನುತುಪ್ಪ ಮೊದಲೇ ಹಚ್ಚಬಹುದಾ?

ಉತ್ತರ 1: ಬೇಡ, ಸಕ್ಕರೆ ಅಂಶ ಬೇಗ ಸೀಯುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಸವರಿ. ಇಳಿಸಿದ ಮೇಲೆ ಹದಿನೈದು ನಿಮಿಷ ಸುಮ್ನೆ ಬಿಟ್ಟು ಕತ್ತರಿಸಿ. ಕಂಬಿ ಸುಡುತ್ತಿರುತ್ತದೆ, ದಪ್ಪ ಗ್ಲೌಸ್ ಹಾಕಿಕೊಳ್ಳಿ.