ಮೂಗಿನ ಉಬ್ಬಿಗೆ ಫಿಲ್ಲರ್ ಸಾಕಾ, ಸರ್ಜರಿಯೇ ಬೇಕಾ? ಮಾಡಿಸಿಕೊಂಡವರು ಹೇಳಿ

ಕೇಳಿದವರು, ಹಾಸನ (ಈಗ ಬೆಂಗಳೂರು)

ನನಗೆ ಇಪ್ಪತ್ತಾರು ವರ್ಷ. ಮೂಗಿನ ಮಧ್ಯದಲ್ಲಿ ಮೂಳೆ ಉಬ್ಬಿದೆ, ಪಕ್ಕದಿಂದ ನೋಡಿದರೆ ಎದ್ದು ಕಾಣುತ್ತೆ. ಹೈಸ್ಕೂಲಿನಿಂದಲೂ ಯಾರಾದರೂ ಫೋಟೊ ತೆಗೆದರೆ ನೇರವಾಗಿ ಕ್ಯಾಮೆರಾ ಕಡೆ ತಿರುಗಿಬಿಡ್ತೀನಿ. ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ಕೇಳಿದಾಗ ಫಿಲ್ಲರ್ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ನೇರ ಆಗುತ್ತೆ, ಅಲ್ಲಿಂದಲೇ ಆಫೀಸಿಗೆ ಹೋಗಬಹುದು ಅಂದರು. ಪ್ಲಾಸ್ಟಿಕ್ ಸರ್ಜನ್ ಒಬ್ಬರು ನೋಡಿ ರೈನೋಪ್ಲಾಸ್ಟಿನೇ (ಮೂಗಿನ ಆಕಾರ ತಿದ್ದೋ ಸರ್ಜರಿ) ಸರಿ ಅಂದರು. ನಾಲ್ಕು ತಿಂಗಳಲ್ಲಿ ಅಕ್ಕನ ಮದುವೆ ಇದೆ. ಕನ್ನಡಕ ಹಾಕ್ತೀನಿ. ಅಮ್ಮ "ದೇವರು ಕೊಟ್ಟ ಮೂಗಿಗೆ ಕತ್ತಿ ಹಾಕಿಸ್ತೀಯಾ" ಅಂತ ಬೇಜಾರು ಮಾಡ್ಕೊಂಡಿದ್ದಾರೆ. ಎರಡರಲ್ಲಿ ಯಾವುದಾದರೂ ಮಾಡಿಸಿಕೊಂಡವರು ಇದ್ದರೆ ಆದದ್ದನ್ನ ಆದ ಹಾಗೆ ಹೇಳಿ, ಪ್ಲೀಸ್.

ಮೈಸೂರಿನಿಂದ

ಫಿಲ್ಲರ್ ಮಾಡಿಸಿಕೊಂಡವಳು ನಾನು. ಮರಗಟ್ಟಿಸುವ ಕ್ರೀಮ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೈಲುರಾನಿಕ್ ಆಸಿಡ್ ಅನ್ನೋ ಜೆಲ್ಲನ್ನ ಉಬ್ಬಿನ ಮೇಲೆ ಒಂಚೂರು, ಕೆಳಗೆ ಒಂಚೂರು ತುಂಬಿದರು. ಒಂದು ಎಂ.ಎಲ್. ಸಿರಿಂಜ್ ಪೂರ್ತಿ ಖರ್ಚಾಗಲಿಲ್ಲ. ಇದರಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಉಬ್ಬು ಎಲ್ಲೂ ಹೋಗಲ್ಲ. ಅದರ ಆಚೀಚೆ ಇರೋ ತಗ್ಗು ತುಂಬುತ್ತೆ, ಅದಕ್ಕೇ ಪಕ್ಕದಿಂದ ಗೆರೆ ನೇರ ಕಾಣೋದು. ಅಳತೆಯಲ್ಲಿ ಮೂಗು ಹಿಂದಿಗಿಂತ ದೊಡ್ಡದೇ ಆಗಿರುತ್ತೆ. ನನ್ನ ಉಬ್ಬು ಚಿಕ್ಕದು, ಹುಬ್ಬುಗಳ ನಡುವಿನ ಜಾಗ ಮೊದಲೇ ತಗ್ಗಾಗಿತ್ತು, ಹಾಗಾಗಿ ನನಗೆ ಚೆನ್ನಾಗಿ ಒಪ್ಪಿತು. ಕನ್ನಡಿ ನೋಡಿದಾಗ ಆದ ಖುಷಿ ನಿಜವಾದದ್ದೇ. ಆದರೆ ನನ್ನ ಜೊತೆ ಬಂದಿದ್ದ ಗೆಳತಿಯದು ದೊಡ್ಡ ಮೂಗು, ಹೊಳ್ಳೆ ಅಗಲ. ಅವಳಿಗೆ ಡಾಕ್ಟರೇ "ಇದರಿಂದ ನಿಮಗೆ ಉಪಯೋಗವಿಲ್ಲ" ಅಂತ ವಾಪಸ್ ಕಳಿಸಿದರು. ಆ ಡಾಕ್ಟರ ಮೇಲೆ ನನಗೆ ನಂಬಿಕೆ ಬಂದದ್ದೇ ಆಗ.

ವರ್ಷ ಕಳೆಯೋ ಹೊತ್ತಿಗೆ ಜೆಲ್ ಕರಗುತ್ತಾ ಬಂತು. ಕೆಲವರಿಗೆ ಒಂಬತ್ತು ತಿಂಗಳು, ಕೆಲವರಿಗೆ ಒಂದೂವರೆ ವರ್ಷ ಇರುತ್ತಂತೆ. ನಾನು ಸಿರಿಂಜ್‌ಗೆ ಸುಮಾರು ಮೂವತ್ತು ಸಾವಿರ ಕೊಟ್ಟಿದ್ದೆ. ಪ್ರತಿ ಸಲ ಅಷ್ಟು ಕೊಡ್ತಾ ಹೋದರೆ ಕೆಲವು ವರ್ಷಕ್ಕೆ ಸರ್ಜರಿ ದುಡ್ಡೇ ಆಗುತ್ತೆ, ಅದನ್ನೂ ಲೆಕ್ಕ ಹಾಕ್ಕೊಳ್ಳಿ.

ಧಾರವಾಡದಿಂದ

ನಾ ಸರ್ಜರಿ ಮಾಡಿಸ್ಕೊಂಡಾಂವ್ರಿ. ಕಾಲೇಜಿನ್ಯಾಗ ಕ್ರಿಕೆಟ್ ಚೆಂಡು ಬಡದು ಮೂಗು ಸೊಟ್ಟ ಆಗಿತ್ತು, ಮ್ಯಾಲೆ ನಿಮ್ಮಂಗ ಉಬ್ಬೂ ಇತ್ತು. ಪೂರ್ತಿ ಅರಿವಳಿಕೆ ಕೊಟ್ಟು, ಎರಡೂ ಹೊಳ್ಳೆಗಳ ನಡುವಿನ ಚರ್ಮದಾಗ ಸಣ್ಣದೊಂದು ಗಾಯ ಮಾಡಿ ಒಳಗಿನ ಮೂಳೆ, ಮೃದ್ವಸ್ಥಿ (ಮೆತ್ತನ ಎಲುಬು) ತಿದ್ದಿದ್ರು. ಓಪನ್ ಅಂತಾರ ಅದಕ್ಕ. ಆ ಗುರುತು ಈಗ ನಾ ತೋರಿಸಿದ್ರನ ಕಾಣತೈತಿ.

ನೋವಿನ ಬಗ್ಗೆ ಭಾಳ ಅಂಜಿದ್ದೆ. ನೋವು ಅಷ್ಟಿಲ್ರಿ. ತ್ರಾಸು ಬ್ಯಾರೇದು. ಮೂಗು ಗಟ್ಟಿಯಾಗಿ ಕಟ್ಟಿರತೈತಿ, ಬಾಯಿಲೇ ಉಸಿರಾಡಬೇಕು, ಬಾಯಿ ಒಣಗಿ ರಾತ್ರಿ ಪದೇಪದೇ ಎಚ್ಚರ ಆಗತೈತಿ. ತಲಿ ಎತ್ತರ ಇಟ್ಟು ಅಂಗಾತ ಮಲಗಬೇಕು, ಮಗ್ಗಲಾ ಆಗಂಗಿಲ್ಲ. ಮೂಗು ಅಲುಗದಂಗ ಮ್ಯಾಲೆ ಹಾಕಿದ ಗಟ್ಟಿ ಪಟ್ಟಿ, ಸ್ಪ್ಲಿಂಟ್ ಅಂತಾರ, ಅದನ್ನ ಒಂದು ವಾರಕ್ಕ ತಗದ್ರು. ಕಣ್ಣಿನ ಕೆಳಗಿನ ಕಪ್ಪು ಹೋಗಾಕ ಎರಡನೇ ವಾರ ಮುಗೀತು. ಸ್ಪ್ಲಿಂಟ್ ತಗದ ದಿನ ಮೂಗು ದಪ್ಪಗ ಬಾತುಕೊಂಡಿತ್ತು, ನಮ್ಮವ್ವ ನೋಡಿ ಅತ್ತಬಿಟ್ಲು. ಹಿಂಗಾಗತೈತಿ ಅಂತ ಮನ್ಯಾಗ ಮೊದಲ ಹೇಳಿಡ್ರಿ. ಮೂರು ತಿಂಗಳಿಗೆ ಮಂದಿಗೆ ಏನೂ ಗೊತ್ತಾಗಂಗಿಲ್ಲ, ಆದ್ರ ತುದಿಯ ಬಾವು ಪೂರ್ತಿ ಇಳಿಯಾಕ ಒಂದು ವರ್ಷ ಬೇಕು. ನಮ್ಮ ಮಂದೀದು ಚರ್ಮ ದಪ್ಪ, ತುದಿ ಇನ್ನೂ ನಿಧಾನ ಅಂತ ಡಾಕ್ಟರ್ ಹೇಳಿದ್ರು.

ಮದುವಿ ನಾಲ್ಕ ತಿಂಗಳಿಗೆ ಐತಿ ಅಂದ್ರ, ಈ ತಿಂಗಳ ಮಾಡಿಸಿದ್ರ ಆಗಬಹುದು, ಮುಂದಿನ ತಿಂಗಳಕ್ಕ ಹಾಕಿದ್ರ ನಾ ಆದ್ರ ಮದುವಿ ಮುಗದ ಮ್ಯಾಲ ಮಾಡಿಸ್ತಿದ್ದೆ. ಒಂದು ಮಾತು ಕೇಳ್ತೀನಿ, ನಿಮಗ ಮೂಗು ಕಟ್ಟತೈತೇನು? ನನಗ ಸರ್ಜರಿಯಿಂದ ಸಿಕ್ಕ ದೊಡ್ಡ ಲಾಭ ರೂಪ ಅಲ್ಲ, ಉಸಿರು.

ಕೇಳಿದವರು

ಹೌದು, ಎಡಗಡೆ ಹೊಳ್ಳೆ ಯಾವಾಗಲೂ ಕಟ್ಟಿರುತ್ತೆ, ರಾತ್ರಿ ಜಾಸ್ತಿ. ಧೂಳಿನ ಅಲರ್ಜಿ ಅಂದ್ಕೊಂಡಿದ್ದೆ. ಎರಡು ಕಡೆ ತೋರಿಸಿದರೂ ಇದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಗಳೂರಿನಿಂದ, ಇಎನ್‌ಟಿ ವೈದ್ಯೆ

ಹಾಗಾದರೆ ನಿಮ್ಮ ಪ್ರಶ್ನೆಯೇ ಬದಲಾಯಿತು. ಒಂದೇ ಬದಿ ಸದಾ ಕಟ್ಟಿರುವುದಾದರೆ ಮೂಗಿನ ನಡುಗೋಡೆ ಓರೆಯಾಗಿರುವ ಸಾಧ್ಯತೆ ಹೆಚ್ಚು. ಅಲರ್ಜಿ ಸಾಮಾನ್ಯವಾಗಿ ಎರಡೂ ಬದಿಯನ್ನು ಕಾಡುತ್ತದೆ, ಜೊತೆಗೆ ಸೀನು, ತುರಿಕೆ, ನೀರು ಸುರಿಯುವುದು ಇರುತ್ತದೆ. ಎರಡೂ ಒಟ್ಟಿಗೆ ಇರುವವರೂ ಉಂಟು. ರೂಪದ ಬಗ್ಗೆ ತೀರ್ಮಾನ ಮಾಡುವ ಮೊದಲು ಇಎನ್‌ಟಿಯವರ ಬಳಿ ಎಂಡೋಸ್ಕೋಪಿ ಮಾಡಿಸಿ, ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ ಮೂಗಿನ ಒಳಗೆ ನೋಡುವ ಕೆಲವೇ ನಿಮಿಷದ ಪರೀಕ್ಷೆ. ನಡುಗೋಡೆ ಓರೆ ಇದ್ದರೆ ಫಿಲ್ಲರ್ ಎಷ್ಟು ಹಾಕಿದರೂ ಉಸಿರಾಟ ಸರಿಯಾಗದು. ಶಸ್ತ್ರಚಿಕಿತ್ಸೆಯಲ್ಲಾದರೆ ಗೋಡೆಯನ್ನೂ ಉಬ್ಬನ್ನೂ ಒಂದೇ ಅರಿವಳಿಕೆಯಲ್ಲಿ ಸರಿಮಾಡಬಹುದು, ಸೆಪ್ಟೋರೈನೋಪ್ಲಾಸ್ಟಿ ಎನ್ನುತ್ತಾರೆ. ಗೋಡೆಯಿಂದ ತೆಗೆದ ಮೃದ್ವಸ್ಥಿಯ ತುಂಡೇ ತುದಿಗೆ ಆಧಾರ ಕೊಡಲು ಉಪಯೋಗಕ್ಕೂ ಬರುತ್ತದೆ. ವಿಮೆಯವರು ಅಂದಕ್ಕಾಗಿ ಮಾಡುವುದಕ್ಕೆ ಹಣ ಕೊಡುವುದಿಲ್ಲ. ಉಸಿರಾಟಕ್ಕಾಗಿ ಮಾಡುವ ಭಾಗಕ್ಕೆ ಸಿಗಬಹುದು, ಮುಂಚಿತವಾಗಿ ಲಿಖಿತ ಒಪ್ಪಿಗೆ ಕೇಳಿ.

ಇನ್ನು ಫಿಲ್ಲರ್. ಚಾಕು ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಮುಖದಲ್ಲಿ ಫಿಲ್ಲರ್‌ಗೆ ಹೆಚ್ಚು ಅಪಾಯದ ಜಾಗಗಳೆಂದರೆ ಮೂಗು ಮತ್ತು ಹುಬ್ಬುಗಳ ನಡು. ಮೂಗಿನ ಮೇಲಿನ ರಕ್ತನಾಳಗಳಿಗೆ ಕಣ್ಣಿಗೆ ರಕ್ತ ಒಯ್ಯುವ ನಾಳದ ಜೊತೆ ಸಂಪರ್ಕ ಇದೆ. ಸೂಜಿ ನಾಳದೊಳಗೆ ಹೊಕ್ಕು ಜೆಲ್ ಒತ್ತಿದರೆ ಅದು ಹಿಂದಕ್ಕೆ ಹೋಗಿ ಅಕ್ಷಿಪಟಲದ ನಾಳವನ್ನು ಮುಚ್ಚಬಹುದು. ಅಪರೂಪ, ಆದರೆ ಹೋದ ದೃಷ್ಟಿ ಹೆಚ್ಚಿನವರಿಗೆ ಮರಳುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಖಕ್ಕೆ ಒಪ್ಪಿಗೆ ಕೊಟ್ಟಿರುವ ಫಿಲ್ಲರ್‌ಗಳನ್ನು ಮೂಗಿಗೆ ಹಾಕುವುದು ಆ ಒಪ್ಪಿಗೆಯ ಹೊರಗಿನ ಬಳಕೆ. ಮೊದಲೇ ಮೂಗಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಒಳಗೆ ಕಲೆ ಕಟ್ಟಿ ನಾಳಗಳ ದಾರಿ ಬದಲಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು.

ಶಸ್ತ್ರಚಿಕಿತ್ಸೆಯೂ ಅಪಾಯವಿಲ್ಲದ್ದಲ್ಲ. ರಕ್ತಸ್ರಾವ, ಸೋಂಕು, ಅರಿವಳಿಕೆಯ ತೊಂದರೆ, ನಡುಗೋಡೆಯಲ್ಲಿ ರಂಧ್ರ, ಎಲ್ಲವೂ ಸಾಧ್ಯ. ಕೆಲವರಿಗೆ ತಿದ್ದುಪಡಿಗಾಗಿ ಎರಡನೇ ಸಲ ಮಾಡಬೇಕಾಗುತ್ತದೆ, ಅದನ್ನು ವರ್ಷ ಕಾಯದೆ ಮಾಡುವುದಿಲ್ಲ.

ಶಿವಮೊಗ್ಗದಿಂದ

ವೈದ್ಯರು ಹೇಳಿದ್ದು ನಮ್ಮ ಮನೆಯಲ್ಲೇ ನಡೆದಿದೆ, ಅದಕ್ಕೆ ಬರೀತಿದೀನಿ. ನನ್ನ ತಂಗಿ ಫಿಲ್ಲರ್ ಹಾಕಿಸ್ಕೊಂಡಳು. ಕೊಟ್ಟವರು ಡಾಕ್ಟರಾ ಅಲ್ವಾ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ, ಬಿಳಿ ಕೋಟು ಇತ್ತು. ಸೂಜಿ ಹಾಕುವಾಗಲೇ ಮೂಗಿನ ತುದಿ ಬೆಳ್ಳಗಾಯ್ತಂತೆ, ತಡೆಯಕ್ಕಾಗದ ನೋವು. ಮನೆಗೆ ಬರೋ ಹೊತ್ತಿಗೆ ಚರ್ಮದ ಮೇಲೆ ಬಲೆ ಹಾಸಿದ ಹಾಗೆ ನೇರಳೆ ಗೆರೆ ಮೂಡಿತ್ತು. ಫೋನ್ ಮಾಡಿದರೆ "ರಕ್ತ ಕಟ್ಟಿದೆ ಅಷ್ಟೆ, ಐಸ್ ಇಡಿ" ಅಂದರು. ಪರಿಚಯದ ಚರ್ಮರೋಗ ತಜ್ಞರಿಗೆ ಫೋಟೊ ಕಳಿಸಿದ್ವಿ, ಅವರು ಒಂದು ಕ್ಷಣ ತಡ ಮಾಡಬೇಡಿ ಬನ್ನಿ ಅಂತ ಕರೆಸಿ ಅದೇ ಸಂಜೆ ಹೈಲುರೊನಿಡೇಸ್ ಕೊಟ್ಟರು. ಜೆಲ್ಲನ್ನ ಕರಗಿಸೋ ಔಷಧ ಅದು. ತುದಿಯಲ್ಲಿ ಸಣ್ಣ ಕಲೆ ಉಳಿದಿದೆ. ಬೆಳಗಾಗಲಿ ಅಂತ ಕಾದಿದ್ದರೆ ಚರ್ಮ ಕೊಳೆತು ಹೋಗ್ತಿತ್ತು ಅಂತ ಹೇಳಿದರು.

ನಿಮ್ಮ ಕ್ಲಿನಿಕ್‌ನಲ್ಲಿ ಮೊದಲು ಕೇಳಬೇಕಾದದ್ದು ರೇಟ್ ಅಲ್ಲ. ಹೈಲುರೊನಿಡೇಸ್ ಈಗ ಇಲ್ಲೇ, ಈ ಫ್ರಿಜ್‌ನಲ್ಲಿ ಇದೆಯಾ ಅಂತ ಕೇಳಿ, ತೋರಿಸಿ ಅನ್ನಿ. ಸೂಜಿ ಹಿಡಿಯೋದು ಯಾರು, ಅವರ ಡಿಗ್ರಿ ಏನು? ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರೋ ಕರ್ನಾಟಕದ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ಗೋಡೆ ಮೇಲಿದೆಯಾ? ರಾತ್ರಿ ಏನಾದರೂ ಆದರೆ ಫೋನ್ ಎತ್ತೋರು ಯಾರು? ಹೈಲುರಾನಿಕ್ ಆಸಿಡ್ ಬಿಟ್ಟು ಬೇರೆ ಏನಾದರೂ, "ಜಾಸ್ತಿ ದಿನ ಇರುತ್ತೆ", "ಪರ್ಮನೆಂಟ್" ಅಂತ ಹೇಳಿದರೆ ಎದ್ದು ಬನ್ನಿ. ಅವನ್ನ ಈ ಔಷಧ ಕರಗಿಸಲ್ಲ.

ಶ್ರೀರಂಗಪಟ್ಟಣದಿಂದ

ವೈದ್ಯಕೀಯ ನನಗೆ ಗೊತ್ತಿಲ್ಲ, ಇತಿಹಾಸ ಪಾಠ ಮಾಡುವವನು. ನಿಮ್ಮ ತಾಯಿಯವರಿಗೆ ಹೇಳಲು ಒಂದು ವಿಷಯ. ಮೂಗು ಕಟ್ಟುವ ವಿದ್ಯೆ ಸುಶ್ರುತ ಸಂಹಿತೆಯಲ್ಲೇ ಇದೆ. ಟಿಪ್ಪು ಮತ್ತು ಇಂಗ್ಲಿಷರ 1792ರ ಯುದ್ಧದಲ್ಲಿ ಸೆರೆ ಸಿಕ್ಕು ಮೂಗು ಕಳೆದುಕೊಂಡ ಕವಾಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದರು. ಅದರ ವರದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನಿನಲ್ಲಿ ಚಿತ್ರಸಮೇತ ಬಂತು. ಅದರ ಜಾಡು ಹಿಡಿದು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಆ ಶಸ್ತ್ರಕ್ರಿಯೆ ಮಾಡಿದರು. ನಿಮ್ಮದು ಬೇರೆ ಬಗೆಯದು, ಒಪ್ಪುತ್ತೇನೆ. ಆದರೆ ಮೂಗಿಗೆ ಕತ್ತಿ ಹಾಕಿಸುವುದು ನಮ್ಮಲ್ಲಿ ನಿನ್ನೆ ಮೊನ್ನೆಯ ಷೋಕಿ ಅಲ್ಲ ಎಂದಾದರೂ ಅವರಿಗೆ ಗೊತ್ತಾಗಲಿ.

ಕೇಳಿದವರು

ಎಂಡೋಸ್ಕೋಪಿಗೆ ಅಪಾಯಿಂಟ್‌ಮೆಂಟ್ ತಗೊಂಡೆ. ಗೋಡೆ ಓರೆ ಇದೆ ಅಂದರೆ, ಮದುವೆಗೆ ಮಾತ್ರ ಫಿಲ್ಲರ್ ಹಾಕಿಸಿ, ಆಮೇಲೆ ಸರ್ಜರಿ ಮಾಡಿಸಬಹುದಾ? ಕನ್ನಡಕದ್ದೂ ಯಾರೂ ಹೇಳಿಲ್ಲ.

ಮಂಗಳೂರಿನಿಂದ, ಇಎನ್‌ಟಿ ವೈದ್ಯೆ

ಮಾಡಿಸಬಹುದು, ಆದರೆ ನಾನಾಗಿದ್ದರೆ ಸಲಹೆ ಕೊಡುವುದಿಲ್ಲ. ಜೆಲ್ ಒಳಗಿದ್ದರೆ ಸರ್ಜನ್‌ಗೆ ಮೂಗಿನ ನಿಜವಾದ ಆಕಾರ ಸಿಗುವುದಿಲ್ಲ, ಅನೇಕರು ಮೊದಲು ಅದನ್ನು ಕರಗಿಸಿ, ಕೆಲವು ವಾರ ಬಿಟ್ಟೇ ಕೈಹಾಕುವುದು. ಒಂದು ಮದುವೆಯ ಫೋಟೊಗಾಗಿ ಕಣ್ಣಿನ ಅಪಾಯವನ್ನು, ಎಷ್ಟೇ ಸಣ್ಣದಿರಲಿ, ತೆಗೆದುಕೊಳ್ಳಬೇಡಿ ಮಗಾ. ಮದುವೆ ಮುಗಿಯಲಿ, ಆಮೇಲೆ ಒಂದೇ ಸಲಕ್ಕೆ ಮಾಡಿಸಿ. ಸರ್ಜರಿ ಆದ ಮೇಲೆ ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಮೂಗಿನ ಮೂಳೆಯ ಮೇಲೆ ಬೀಳಬಾರದು. ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿ. ಆಗದಿದ್ದರೆ ಕನ್ನಡಕವನ್ನು ಹಣೆಗೆ ಟೇಪ್ ಹಾಕಿ ನಿಲ್ಲಿಸುವುದನ್ನು ವಾರ್ಡಿನ ಸಿಸ್ಟರ್ ತೋರಿಸಿಕೊಡುತ್ತಾರೆ. ಮೂಗುಬೊಟ್ಟು ಇದ್ದರೆ ಮೊದಲೇ ತೆಗೆಸಬೇಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸರ್ಜನ್‌ಗೆ ಹೇಳಿ, ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ. ಎಂಡೋಸ್ಕೋಪಿ ವರದಿ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡುತ್ತೇನೆ.