ಸೋಲೆಂಟ್‌ನಿಂದ ಫಾಲ್ಮತ್‌ವರೆಗೆ ಸ್ವಂತ ಯಾಟ್‌ನಲ್ಲಿ: ಹೋಗಿ ಬಂದವರು ಹೇಳಿದ್ದು

ಪ್ರಶ್ನೆ (ರೆಡಿಂಗ್‌ನಿಂದ): ನಾವು ಗಂಡ-ಹೆಂಡತಿ ಇಬ್ಬರೂ ಡೇ ಸ್ಕಿಪ್ಪರ್ (ಹಗಲಲ್ಲಿ ಸಣ್ಣ ಯಾಟ್ ನಡೆಸಲು ಕಲಿಸುವ) ಕೋರ್ಸ್ ಮುಗಿಸಿದ್ದೇವೆ. 30 ಅಡಿಯ ಹಳೆಯ ಯಾಟ್ ಕೊಂಡಿದ್ದೇವೆ, ಲಿಮಿಂಗ್ಟನ್‌ನಲ್ಲಿ ಕಟ್ಟಿದ್ದೇವೆ. ಬರುವ ಬೇಸಿಗೆಯಲ್ಲಿ ಒಂದು ತಿಂಗಳು ರಜೆ ಹಾಕಿ, ಇಂಗ್ಲೆಂಡಿನ ದಕ್ಷಿಣ ಕರಾವಳಿ ಹಿಡಿದು ಫಾಲ್ಮತ್‌ವರೆಗೆ ಹೋಗಿ ಬರುವ ಆಸೆ. ಇದುವರೆಗೆ ಸೋಲೆಂಟ್ (ಐಲ್ ಆಫ್ ವೈಟ್ ದ್ವೀಪಕ್ಕೂ ದಡಕ್ಕೂ ನಡುವಿನ ಜಲಸಂಧಿ) ಬಿಟ್ಟು ಆಚೆ ಹೋಗಿಲ್ಲ. ನಮ್ಮೆಜಮಾನರಿಗೆ ಅಲೆ ಸ್ವಲ್ಪ ಜಾಸ್ತಿಯಾದರೂ ವಾಂತಿ. ದಿನಗಳು ಹೇಗಿರುತ್ತವೆ, ಏನೇನು ತಯಾರಿ ಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಸೌತಾಂಪ್ಟನ್‌ನಿಂದ: ಮೊದಲನೇ ಮಾತು, ತಾರೀಖು ಇಟ್ಟುಕೊಂಡು ಹೊರಡಬೇಡಿ. "ಹತ್ತನೇ ತಾರೀಖು ಡಾರ್ಟ್‌ಮತ್‌ನಲ್ಲಿ ಇರ್ತೀವಿ, ನೀವೂ ಬನ್ನಿ" ಅಂತ ಸ್ನೇಹಿತರಿಗೆ ಹೇಳಿಬಿಟ್ಟರೆ ಮುಗೀತು. ಆಮೇಲೆ ಹೊರಡಬಾರದ ದಿನವೂ ಹೊರಡುತ್ತೀರಿ. ಈ ಕರಾವಳಿಯಲ್ಲಿ ಹೊರಡಬೇಕಾ ಬೇಡವಾ ಅನ್ನುವುದು ಗಾಳಿಗೆ ಬಿಟ್ಟದ್ದು, ಎಷ್ಟು ಹೊತ್ತಿಗೆ ಅನ್ನುವುದು ಉಬ್ಬರ-ಇಳಿತಕ್ಕೆ ಬಿಟ್ಟದ್ದು.

ನಿಮ್ಮ ಬಾಗಿಲಲ್ಲೇ ಇದು ಗೊತ್ತಾಗುತ್ತೆ. ಲಿಮಿಂಗ್ಟನ್‌ನಿಂದ ಪಶ್ಚಿಮಕ್ಕೆ ಹೊರಟರೆ ಸಿಗುವುದು ಹರ್ಸ್ಟ್‌ನ ಇಕ್ಕಟ್ಟಾದ ಜಲದಾರಿ. ದೊಡ್ಡ ಉಬ್ಬರದ ದಿನಗಳಲ್ಲಿ ಅಲ್ಲಿ ನೀರು 4 ನಾಟ್‌ಗೂ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಹೆಚ್ಚು ವೇಗದಲ್ಲಿ ಹರಿಯುತ್ತೆ. ನಿಮ್ಮ ದೋಣಿ ಓಡುವುದೇ 5 ನಾಟ್. ಎದುರು ಹೋದರೆ ಎಂಜಿನ್ ಹಾಕಿಕೊಂಡು ನಿಂತಲ್ಲೇ ನಿಂತಿರುತ್ತೀರಿ. ಇಳಿತ ಶುರುವಾದ ಮೇಲೆ ಹೊರಟರೆ ಅದೇ ನೀರು ಎಳೆದುಕೊಂಡು ಹೋಗುತ್ತೆ. ಆದರೆ ಇಲ್ಲಿ ನೈಋತ್ಯದ ಗಾಳಿಯೇ ಜಾಸ್ತಿ. ಪಶ್ಚಿಮಕ್ಕೆ ಹರಿಯುವ ಇಳಿತದ ಮೇಲೆ ಆ ಗಾಳಿ ಬೀಸಿದರೆ ನೀಡಲ್ಸ್ ಬಂಡೆಗಳ ಹತ್ತಿರ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತೆ. ನೀರು ನಿಮ್ಮ ಕಡೆ, ಗಾಳಿ ನಿಮ್ಮ ವಿರುದ್ಧ. ಗಾಳಿ ಜೋರಿದ್ದರೆ ಆ ದಿನ ಬಿಟ್ಟುಬಿಡಿ.

ನಾನು ಪಂಚಾಂಗ ನೋಡಿಯೇ ರಜೆ ಹಾಕುವುದು, ನಿಜವಾಗಿ ಹೇಳ್ತಿದ್ದೀನಿ. ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಉಬ್ಬರ ಅತಿ ಹೆಚ್ಚು. ಅಷ್ಟಮಿ ಆಗಿ ಒಂದೆರಡು ದಿನಕ್ಕೆ ಅತಿ ಕಡಿಮೆ. ಮೊದಲ ಸಲ ಹೋಗುವವರು ನವಮಿ-ದಶಮಿ ಆಸುಪಾಸಿನಲ್ಲಿ ಪೋರ್ಟ್‌ಲ್ಯಾಂಡ್ ಬಿಲ್ ದಾಟುವ ಹಾಗೆ ನೋಡಿಕೊಳ್ಳಿ. ಆ ಭೂಶಿರದ ಮುಂದೆ ನೀರು ಕುದಿಯುವ ಜಾಗವೊಂದಿದೆ. ದಡಕ್ಕೆ ತೀರಾ ಹತ್ತಿರದಿಂದ ಒಂದು ದಾರಿ ಇದೆ ನಿಜ, ಆದರೆ ಅದಕ್ಕೆ ಸಮಯ ಸರಿಯಾಗಿ ಸಿಗಬೇಕು. ಏಡಿ ಬುಟ್ಟಿಗಳ ತೇಲುಬುರುಡೆಗಳೂ ಅಲ್ಲಿ ಬಹಳ, ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಂಡರೆ ಎಂಜಿನ್ ನಿಂತುಹೋಗುತ್ತೆ. ನೀವು ಸುಮ್ನೆ ಹಲವು ಮೈಲಿ ದಕ್ಷಿಣಕ್ಕೆ ಇಳಿದು ಬಳಸಿಕೊಂಡು ಹೋಗಿ.

ವೇಮತ್‌ನಿಂದ ಡಾರ್ಟ್‌ಮತ್‌ಗೆ ಲೈಮ್ ಬೇ ದಾಟುವುದು ಇಡೀ ಪ್ರಯಾಣದ ಉದ್ದದ ದಿನ. 50 ನಾಟಿಕಲ್ ಮೈಲಿಗೂ ಜಾಸ್ತಿ. ಮಧ್ಯೆ ಗಾಳಿ ಎದ್ದರೆ ಓಡಿ ಹೋಗಿ ಸೇರಿಕೊಳ್ಳಲು ನಂಬುವಂಥ ಬಂದರು ಇಲ್ಲ. ಅದಕ್ಕೇ ವೇಮತ್‌ನಲ್ಲಿ ಕಾಯುವವರು ಬಹಳ. ಅಲ್ಲಿ ದೋಣಿಗಳನ್ನು ಒಂದರ ಪಕ್ಕಕ್ಕೆ ಒಂದು ಕಟ್ಟುತ್ತಾರೆ. ದಡಕ್ಕೆ ಹೋಗಬೇಕಾದರೆ ಪಕ್ಕದವರ ದೋಣಿ ದಾಟಿಯೇ ಹೋಗಬೇಕು. ಅವರು ಕೂತಿರುವ ಕಾಕ್‌ಪಿಟ್ ಮೂಲಕ ಅಲ್ಲ, ಮೂತಿಯ ಕಡೆಯಿಂದ, ಮೆತ್ತಗೆ. ಬೆಳಗ್ಗೆ ಎಷ್ಟು ಗಂಟೆಗೆ ಬಿಡುತ್ತೀರಿ ಅಂತ ಹಿಂದಿನ ಸಂಜೆಯೇ ಒಳಗಿನವರು ಹೊರಗಿನವರಿಗೆ ಹೇಳಿರಬೇಕು. ಹಾಗೆ ಕಾಯುತ್ತಾ, ಮಾತಾಡುತ್ತಾ ಕಲಿತದ್ದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಎಷ್ಟೋ ಸಲ ಪಕ್ಕದ ದೋಣಿಯ ಅಜ್ಜ ಆಕಾಶ ನೋಡಿ "ನಾಳೆ ಬೇಡ" ಅಂದದ್ದೂ ಹವಾಮಾನ ಇಲಾಖೆ ಹೇಳಿದ್ದೂ ಒಂದೇ ಆಗಿರುತ್ತಿತ್ತು.

ಪೂಲ್‌ನಿಂದ: ವಾಂತಿಯ ವಿಷಯ. ನನಗೂ ಇದೆ, ಆದರೂ ಪ್ರತಿ ಬೇಸಿಗೆ ಹೋಗುತ್ತೇನೆ. ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ತಗೊಂಡರೆ ಪ್ರಯೋಜನ ಇಲ್ಲ, ಹೊರಡುವ ಮೊದಲೇ ತಗೊಳ್ಳಬೇಕು. ಸಿನರಿಜಿನ್ ಇರುವ ಮಾತ್ರೆ ನನಗೆ ಆಗಿಬಂದಿದೆ. ನಿದ್ದೆ ತರಿಸುತ್ತೆ, ಹಾಗಾಗಿ ಮನೆಯಲ್ಲಿರುವಾಗ ಒಮ್ಮೆ ತಗೊಂಡು ನೋಡಲಿ. ಬೇರೆ ಔಷಧಿ ಇದ್ದರೆ ಫಾರ್ಮಸಿಯಲ್ಲಿ ಕೇಳಲಿ. ಚುಕ್ಕಾಣಿ ಅವರ ಕೈಗೇ ಕೊಡಿ, ಕಣ್ಣು ದೂರದ ದಿಗಂತದ ಮೇಲಿರಲಿ, ಕೆಳಗೆ ಇಳಿದು ನಕ್ಷೆ ನೋಡುವ ಕೆಲಸ ನಿಮ್ಮದಾಗಲಿ. ಚಳಿಯಾದರೂ ಜಾಸ್ತಿಯಾಗುತ್ತೆ. ಜುಲೈನಲ್ಲೂ ಉಣ್ಣೆ ಟೋಪಿ ಬೇಕು. ವಾಂತಿ ಮಾಡುವವರು ಅಂಚಿಗೆ ಬಾಗುತ್ತಾರಲ್ವಾ, ಅದಕ್ಕೇ ಲೈಫ್ ಜಾಕೆಟ್ಟಿನ ಹಗ್ಗ ದೋಣಿಗೆ ಸಿಕ್ಕಿಸಿಯೇ ಇರಲಿ. ಇದನ್ನು ಮಾತ್ರ ಸಡಿಲ ಬಿಡಬೇಡಿ.

ಬ್ರಿಸ್ಟಲ್‌ನಿಂದ: ಅಡುಗೆಮನೆ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಮನೆಯ ಪ್ರೆಶರ್ ಕುಕ್ಕರ್ ತಗೊಂಡು ಹೋಗಿ. ದೋಣಿ ಎಷ್ಟು ವಾಲಿದರೂ ಮುಚ್ಚಳ ಬಿಗಿಯಾಗಿರುತ್ತೆ, ಬಿಸಿ ಚೆಲ್ಲುವುದಿಲ್ಲ. ಒಲೆ ತೂಗಾಡುವ ಹಾಗೆ ಜೋಡಿಸಿರುತ್ತಾರೆ, ಅದರ ಚಿಲಕ ತೆಗೆದು ತೂಗಲು ಬಿಡಿ. ಅಲೆಯಲ್ಲಿ ಒಲೆ ಮುಂದೆ ನಿಲ್ಲುವಾಗ ಮಳೆಗೆ ಹಾಕುವ ದಪ್ಪ ಪ್ಯಾಂಟ್ ಹಾಕಿಕೊಳ್ಳಿ. ಕುದಿಯುವ ನೀರು ತೊಡೆ ಮೇಲೆ ಬಿದ್ದರೆ ಹತ್ತಿರ ಆಸ್ಪತ್ರೆ ಇರುವುದಿಲ್ಲ.

ಹೊರಡುವ ದಿನ ಒಲೆಯನ್ನೇ ಹಚ್ಚಬೇಡಿ. ಗೊಜ್ಜವಲಕ್ಕಿ ನೆನೆಸಿ ಡಬ್ಬಿಗೆ ಹಾಕಿ, ಫ್ಲಾಸ್ಕ್‌ನಲ್ಲಿ ಶುಂಠಿ ಟೀ ಇರಲಿ. ಹುರಿದ ರವೆ, ಚಟ್ನಿಪುಡಿ, ಚಿತ್ರಾನ್ನದ ಗೊಜ್ಜು ಮನೆಯಿಂದಲೇ ಮಾಡಿಕೊಂಡು ಹೋದರೆ ವಾರಗಟ್ಟಲೆ ಬರುತ್ತೆ. ಗ್ಯಾಸ್ ಮಾತ್ರ ಪ್ರತಿ ಸಲ ಸಿಲಿಂಡರ್ ಹತ್ತಿರವೇ ಬಂದ್ ಮಾಡಿ. ಅದು ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ತುಂಬಿ ಕೂರುತ್ತೆ. ಮನೆಯಲ್ಲಿ ಕಿಟಕಿ ತೆರೆದ ಹಾಗೆ ಅಲ್ಲಿಂದ ಹೊರಗೆ ಹೋಗುವುದಿಲ್ಲ, ಒಂದು ಕಿಡಿ ಸಾಕು.

ಪ್ಲಿಮತ್‌ನಿಂದ: ನನ್ನೂರು ಗಂಗೊಳ್ಳಿ. ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳುತ್ತಲೇ ಬೆಳೆದವನು. ಡಾರ್ಟ್‌ಮತ್ ಆದ ಮೇಲೆ ಸಿಗುವ ಸಾಲ್ಕಂ ಬಂದರಿನ ಬಾಯಲ್ಲಿ ಇರುವುದೂ ಅಂಥದ್ದೇ ಮರಳದಿಬ್ಬ. ಇಳಿತ ಹೊರಗೆ ಹರಿಯುತ್ತಿದ್ದು ದಕ್ಷಿಣದ ಗಾಳಿ ಜೋರಾಗಿದ್ದರೆ ಒಳಗೆ ಹೋಗಬೇಡಿ, ಎಷ್ಟೇ ಸುಸ್ತಾಗಿದ್ದರೂ. ಡಾರ್ಟ್‌ಮತ್‌ನಲ್ಲೇ ಇನ್ನೊಂದು ರಾತ್ರಿ ಉಳಿಯಿರಿ.

ಲಂಗರು ಹಾಕುವಾಗ ನಮ್ಮೂರ ಅಂದಾಜು ಇಲ್ಲಿ ನಡೆಯಲ್ಲ. ಅಲ್ಲಿ ಉಬ್ಬರ ಒಂದೂವರೆ ಮೀಟರ್ ಆಸುಪಾಸು, ಇಲ್ಲಿ ನಾಲ್ಕು ಮೀಟರ್ ದಾಟುತ್ತೆ. ನೀವು ಇಳಿತದಲ್ಲಿ ಬಂದು 3 ಮೀಟರ್ ಆಳದಲ್ಲಿ ಲಂಗರು ಬಿಟ್ಟಿರಿ ಅಂತಿಟ್ಟುಕೊಳ್ಳಿ. ಮಧ್ಯರಾತ್ರಿಗೆ ಅದು 7 ಮೀಟರ್. ಆಳದ ನಾಲ್ಕು ಪಟ್ಟು ಸರಪಳಿ ಅಂದರೆ 28 ಮೀಟರ್ ಬೇಕು, 12 ಅಲ್ಲ. ಸುತ್ತ ತಿರುಗಲು ಅಷ್ಟು ಜಾಗವೂ ಬೇಕು. ಪೂಲ್ ಹತ್ತಿರದ ಸ್ಟಡ್‌ಲ್ಯಾಂಡ್ ಕೊಲ್ಲಿಯಲ್ಲಿ ಕಡಲಹುಲ್ಲಿನ ಮಧ್ಯೆ ಕಡಲ್ಗುದುರೆಗಳಿವೆ. ಲಂಗರು ಆ ಹುಲ್ಲನ್ನು ಬೇರುಸಹಿತ ಕೀಳುತ್ತೆ. ಅಲ್ಲಿ ಲಂಗರು ಹಾಕಬೇಡಿ ಅಂತ ಕೇಳಿಕೊಂಡಿರುವ ಜಾಗ ಗುರುತು ಮಾಡಿದ್ದಾರೆ, ದೋಣಿ ಕಟ್ಟಿಕೊಳ್ಳಲು ತೇಲುಬುರುಡೆಗಳನ್ನೂ ಹಾಕಿದ್ದಾರೆ. ದಯವಿಟ್ಟು ಅವನ್ನೇ ಬಳಸಿ.

ರೆಡಿಂಗ್‌ನಿಂದ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಬ್ಬರೇ ಇರುತ್ತೇವೆ, ಸಮುದ್ರದಲ್ಲಿ ಏನಾದರೂ ಆದರೆ ಅನ್ನುವ ಹೆದರಿಕೆ ಇದ್ದೇ ಇದೆ.

ಸೌತಾಂಪ್ಟನ್‌ನಿಂದ: ಹೆದರಿಕೆ ಇರಲಿ ಅಕ್ಕ, ಇರಬೇಕಾದದ್ದೇ. ರೇಡಿಯೋ ಯಾವಾಗಲೂ ತುರ್ತು ಕರೆಯ ಚಾನೆಲ್ 16ರಲ್ಲಿ ಆನ್ ಇರಲಿ. ಕೆಂಪು ಡಿಸ್ಟ್ರೆಸ್ ಬಟನ್ ಒತ್ತಿ ಹಿಡಿಯುವುದು ಹೇಗೆ ಅಂತ ಇಬ್ಬರಿಗೂ ಗೊತ್ತಿರಬೇಕು. ನೀರಿಗೆ ಬಿದ್ದವರು ನೀವೋ ಅವರೋ ಹೇಳಲಾಗಲ್ಲ ಅಲ್ವಾ? ಹೊರಡುವ ಮೊದಲು ಸೇಫ್‌ಟ್ರಾಕ್ಸ್ ಆ್ಯಪ್‌ನಲ್ಲಿ ದೋಣಿಯ ವಿವರ ಹಾಕಿಡಿ, ಕೋಸ್ಟ್‌ಗಾರ್ಡ್‌ನವರಿಗೆ ಸಿಗುತ್ತೆ. ಕರೆದರೆ ಆರ್‌ಎನ್‌ಎಲ್‌ಐ ಲೈಫ್‌ಬೋಟ್ ಬರುತ್ತೆ. 1824ರಲ್ಲಿ ಶುರುವಾದ, ಬಹುಪಾಲು ದಾನದ ಹಣದಲ್ಲೇ ನಡೆಯುವ ಸಂಸ್ಥೆ ಅದು. ಸಿಬ್ಬಂದಿಯಲ್ಲಿ ಬಹಳಷ್ಟು ಜನ ಸಂಬಳ ಇಲ್ಲದೆ, ಊಟ ಬಿಟ್ಟು ಎದ್ದು ಬರುವವರು. ಅವರನ್ನು ಕರೆಯಲು ಸಂಕೋಚ ಬೇಡ. ಕತ್ತಲಾದ ಮೇಲೆ ಕರೆಯುವುದಕ್ಕಿಂತ ಬೆಳಕಿರುವಾಗಲೇ "ಎಂಜಿನ್ ನಿಂತಿದೆ, ಗಾಳಿ ಇಲ್ಲ" ಅಂತ ತಿಳಿಸಿಡುವುದು ಅವರಿಗೂ ಅನುಕೂಲ. ಮೇ ತಿಂಗಳಲ್ಲಿ ಒಂದು ಶನಿವಾರ ಲಿಮಿಂಗ್ಟನ್‌ಗೆ ಬರುತ್ತೇನೆ. ಮೂವರೂ ಸೇರಿ ನೀಡಲ್ಸ್‌ವರೆಗೆ ಇಳಿತದಲ್ಲಿ ಹೋಗಿ, ನೀರು ತಿರುಗಿದ ಮೇಲೆ ವಾಪಸ್ ಬರೋಣ.