ಸಹಾಯ ಬೇಕು: ಲುಬ್ಧಕದ ಜೊತೆಗಾರ ಕಣ್ಣಿಗೆ ಬೀಳುತ್ತಿಲ್ಲ

ನಮಸ್ಕಾರ. ಅರಸೀಕೆರೆ ಹತ್ತಿರ ನಮ್ಮ ಮನೆ ತಾರಸಿಯಿಂದ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲಿನ, ಕನ್ನಡಿ ಇರುವ) ಟೆಲಿಸ್ಕೋಪಲ್ಲಿ ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ ನೋಡುತ್ತಿದ್ದೇನೆ. ಅದರ ಪಕ್ಕದ ಮಂಕು ನಕ್ಷತ್ರ, ಅಂದರೆ ಸಿರಿಯಸ್ ಬಿ, ಒಮ್ಮೆಯಾದರೂ ನೋಡಬೇಕು ಅಂತ ತುಂಬಾ ಆಸೆ.

ಈಗ ಎರಡರ ನಡುವೆ ಸುಮಾರು 11 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಅಂತರ ಇದೆ. ಇವೆರಡೂ ಒಂದನ್ನೊಂದು ಸುತ್ತುವ 50 ವರ್ಷದ ಸುತ್ತಿನಲ್ಲಿ ಇದೇ ಒಳ್ಳೆಯ ಕಾಲ. ಒರಾಯನ್ ನಕ್ಷತ್ರಪುಂಜದ ರೈಜೆಲ್ ನಕ್ಷತ್ರದ ಜೊತೆಗಾರ ಇದಕ್ಕಿಂತ ಹತ್ತಿರ ಇದ್ದರೂ 200 ಪಟ್ಟು ವರ್ಧನೆಯಲ್ಲಿ ಸಲೀಸಾಗಿ ಸಿಕ್ಕಿತು. ಸೂಜಿಮೊನೆಯಷ್ಟು ಚುಕ್ಕಿ, ಎಷ್ಟು ಚೆಂದ! ಆದರೆ ಲುಬ್ಧಕ ತನ್ನ ಜೊತೆಗಾರನಿಗಿಂತ ಸುಮಾರು 10,000 ಪಟ್ಟು ಪ್ರಖರ ಅಲ್ವಾ, ಆ ಬೆಳಕಲ್ಲಿ ಎಲ್ಲಾ ಮುಳುಗಿಹೋಗುತ್ತದೆ. ಕನ್ನಡಿ ಹಿಡಿಯುವ ನಾಲ್ಕು ಪಟ್ಟಿಗಳಿಂದ ಬರುವ ಬೆಳಕಿನ ಗೀರುಗಳ ಕಾಟ ಬೇರೆ.

ಒಂದು ಗಂಟೆ ಮೊದಲೇ ಟೆಲಿಸ್ಕೋಪ್ ಹೊರಗಿಟ್ಟು ತಣಿಸುತ್ತೇನೆ. ಲುಬ್ಧಕ ನೆತ್ತಿಯ ಕಡೆ ಏರಿದಾಗಲೇ ನೋಡುತ್ತೇನೆ. ಜೊತೆಗಾರ ಪೂರ್ವಕ್ಕಿರುವುದರಿಂದ, ಟೆಲಿಸ್ಕೋಪನ್ನು ಅಲುಗಾಡಿಸದೆ ಬಿಟ್ಟರೆ ಲುಬ್ಧಕ ನೋಟದ ಅಂಚಿನಾಚೆ ಜಾರಿದ ಮೇಲೆ ಅದು ಅರೆಕ್ಷಣ ಕಾಣಬೇಕು. ಅದನ್ನೂ ಮಾಡಿದೆ, ಸಿಗಲಿಲ್ಲ.

ಟ್ಯೂಬಿನ ಬಾಯಿಗೆ ಷಟ್ಕೋನದ ತೂತು ಕತ್ತರಿಸಿದ ರಟ್ಟು ಇಟ್ಟರೆ ಪ್ರಯೋಜನ ಆಗುತ್ತದೆಯೇ? ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಒಳಗೆ ತೆಳು ಪಟ್ಟಿ ಅಂಟಿಸಿ ಲುಬ್ಧಕವನ್ನು ಮರೆಮಾಡುವುದು ಹೇಗೆ? ನಮ್ಮ ಕಡೆಯಿಂದ ನೋಡಿದವರು ಇದ್ದರೆ, ಯಾವ ತಿಂಗಳು, ಎಷ್ಟು ವರ್ಧನೆ ಅಂತ ದಯವಿಟ್ಟು ತಿಳಿಸಿ.